ಗೈಡಿನೊಳಗಿನ ಕುಟುಂಬ

ಮಂಗಳವಾರ ಮತ್ತು ಶನಿವಾರದ ಸಂಜೆ ನಮ್ಮ ಮನೆಯ ಬಾಗಿಲ ಮುಂದೆ ಚಪ್ಪಲಿಗಳ ರಾಶಿ ಬೀಳುತ್ತಿತ್ತು. ಕಾಲೇಜಿನ ಕಪ್ಪು ಬೂಟು, ಪಟ್ಟಿ ಕಿತ್ತುಹೋದ ಸ್ಯಾಂಡಲ್ಲು, ಹವಾಯಿ ಚಪ್ಪಲಿ, ಎಲ್ಲ ಒಂದರ ಮೇಲೊಂದು. ಉಳಿದ ದಿನ ಅಲ್ಲಿರುತ್ತಿದ್ದುದು ನನ್ನದೊಂದು ಜೊತೆ, ಸಂಜೆ ಯಜಮಾನರು ಬಂದ ಮೇಲೆ ಅವರದೊಂದು ಜೊತೆ. ಪಾಠದ ನಡುವೆ ನೀರು ತರುವ ನೆಪ ಮಾಡಿಕೊಂಡು ನಾನು ಎದ್ದು ಹೋಗಿ ಆ ರಾಶಿಯನ್ನು ನೋಡಿ ಬರುತ್ತಿದ್ದೆ. ಮನೆಯಲ್ಲಿ ಜನ ಇದ್ದಾರೆ ಎಂಬುದಕ್ಕೆ ಅದಕ್ಕಿಂತ ಬೇರೆ ಗುರುತು ನನಗೆ ಬೇಕಿರಲಿಲ್ಲ.

ಎರಡೂ ಹನುಮಪ್ಪನ ವಾರಗಳೇ. ಅದನ್ನು ನಾನು ಆರಿಸಿದ್ದಲ್ಲ, ಮಕ್ಕಳ ಕಾಲೇಜು ಆ ದಿನ ಬೇಗ ಬಿಡುತ್ತಿತ್ತು. ಆದರೂ ನನಗೆ ಅವನೇ ಕಳಿಸಿದ ಹಾಗೆ ಅನಿಸುತ್ತಿತ್ತು. ದೀಪ ಹಚ್ಚುವ ಹೊತ್ತಿಗೆ ಆ ದಿನ ಸಿಕ್ಕ ಒಳ್ಳೆಯದನ್ನೆಲ್ಲ ಅವನ ಮುಂದೆ ಬಾಯಿಬಿಟ್ಟು ಹೇಳುವುದು ನನ್ನ ರೂಢಿ. ನಲ್ಲಿಯಲ್ಲಿ ನೀರು ಬಂತು ಹನುಮಪ್ಪಾ, ಕರೆಂಟು ಹೋಗಲಿಲ್ಲ, ತುಳಸಿ ಚಿಗುರಿತು. ಮಂಗಳವಾರ, ಶನಿವಾರ ಮಾತ್ರ ಇನ್ನೊಂದು ಸೇರುತ್ತಿತ್ತು: ಹುಡುಗರು ಬಂದಿದ್ದರು.

ಮದುವೆಯಾಗಿ ನಾನು ಧಾರವಾಡದಿಂದ ಹೈದರಾಬಾದಿಗೆ ಬಂದವಳು. ಯಜಮಾನರಿಗೆ ಬಾಲಾನಗರದಲ್ಲಿ ವಿಮಾನದ ಉಪಕರಣ ಮಾಡುವ ಸರಕಾರಿ ಕಾರ್ಖಾನೆಯಲ್ಲಿ ಕೆಲಸ. ಮನೆ ಮಾತ್ರ ಅಲ್ಲಿಂದ ದೂರ, ತಾರ್ನಾಕದಲ್ಲಿ. ವಿಶ್ವವಿದ್ಯಾಲಯದ ಮರಗಳು ಕಾಣುತ್ತವೆ ಎಂದು ಅವರೇ ಹುಡುಕಿದ ಬಾಡಿಗೆ ಮನೆ. ಬೆಳಿಗ್ಗೆ ಕಾರ್ಖಾನೆಯ ಬಸ್ಸು ಹತ್ತಿದರೆ ಬರುವುದು ದೀಪ ಹಚ್ಚಿದ ಮೇಲೆ. ದಿನವಿಡೀ ಯಂತ್ರದ ಸದ್ದು ಕೇಳಿ ಬಂದವರಿಗೆ ಮನೆಯಲ್ಲಿ ಸುಮ್ಮನೆ ಕೂರುವುದೇ ವಿಶ್ರಾಂತಿ. ನನಗೋ ದಿನವಿಡೀ ಸುಮ್ಮನಿದ್ದು ಸಾಕಾಗಿರುತ್ತಿತ್ತು. ಇದರಲ್ಲಿ ಯಾರ ತಪ್ಪೂ ಇರಲಿಲ್ಲ. ನಮಗೆ ಮಕ್ಕಳಾಗಲಿಲ್ಲ. ಹರಕೆ ಹೊತ್ತದ್ದೂ ಆಯಿತು, ಡಾಕ್ಟರಿಗೆ ತೋರಿಸಿದ್ದೂ ಆಯಿತು. ಅದರ ಬಗ್ಗೆ ಬರೆಯುವಂಥದ್ದು ಇನ್ನೇನಿಲ್ಲ.

ಹಗಲು ನನ್ನೊಂದಿಗೆ ಕನ್ನಡ ಆಡುತ್ತಿದ್ದವಳು ಒಬ್ಬಳೇ, ಕೆಳಗಿನ ಮೆಟ್ಟಿಲ ಬುಡದ ಕೋಣೆಯಲ್ಲಿದ್ದ ವಾಚ್‌ಮನ್ ಹೆಂಡತಿ. ಗಂಡ ಹೆಂಡತಿ ಕಲಬುರಗಿ ಕಡೆಯವರು. ಈ ಕಟ್ಟಡ ಕಟ್ಟುವಾಗ ಇಟ್ಟಿಗೆ ಹೊರಲು ಬಂದು, ಕಟ್ಟಡ ಮುಗಿದ ಮೇಲೆ ಅದರ ಕಾವಲಿಗೇ ಉಳಿದವರು. ಅವಳು ನನ್ನನ್ನು ‘ಅಕ್ಕಾರ’ ಎನ್ನುತ್ತಿದ್ದಳು. ನಾನು ಅವಳಿಗೆ ಹಬ್ಬದ ಹೋಳಿಗೆ ಕೊಡುತ್ತಿದ್ದೆ. ಅವಳು ನನಗೆ ಏನನ್ನೂ ಕೊಟ್ಟಿರಲಿಲ್ಲ. ಕೊಟ್ಟರೆ ನಾನು ತೆಗೆದುಕೊಳ್ಳುವವಳಲ್ಲ ಎಂದು ಅವಳೇ ತಿಳಿದುಕೊಂಡಿದ್ದಳು. ನನ್ನ ಅಡುಗೆಮನೆಯಲ್ಲಿ ಉಳ್ಳಾಗಡ್ಡಿ ಬೆಳ್ಳುಳ್ಳಿ ಇಲ್ಲದ್ದು ಇಡೀ ಕಟ್ಟಡಕ್ಕೆ ಗೊತ್ತಿತ್ತು.

ಇಂಥವಳಿಗೆ ಫ್ರೆಂಚ್ ಎಲ್ಲಿಂದ ಬಂತು ಎಂದು ಕೇಳಬಹುದು. ಧಾರವಾಡದಲ್ಲಿ ಓದುವಾಗ ಬಂತು. ಬಿ.ಎ. ಮುಗಿದು ಗಂಡು ಹುಡುಕುತ್ತಿದ್ದ ವರ್ಷಗಳಲ್ಲಿ ಮನೆಯಲ್ಲಿ ಸುಮ್ಮನೆ ಕೂರಬಾರದೆಂದು ನಮ್ಮ ಅಪ್ಪ ಡಿಪ್ಲೊಮಾಕ್ಕೆ ಸೇರಿಸಿದರು. ಗೋವಾದಿಂದ ಬಂದ ಮುದುಕ ಮಾಸ್ತರರು ಕಲಿಸುತ್ತಿದ್ದರು. ಅವರೂ ಫ್ರಾನ್ಸ್ ನೋಡಿದವರಲ್ಲ. ನಾನಂತೂ ಇವತ್ತಿನವರೆಗೆ ಒಬ್ಬ ಫ್ರೆಂಚ್ ಮನುಷ್ಯನನ್ನು ಎದುರಿಗೆ ಕಂಡಿಲ್ಲ. ಆದರೆ ಕಲಿತದ್ದನ್ನು ಬಿಡಲಿಲ್ಲ. ಸಾರಿಗೆ ಒಗ್ಗರಣೆ ಹಾಕುವಾಗ ಕ್ರಿಯಾಪದಗಳನ್ನು ಹೇಳಿಕೊಳ್ಳುತ್ತಿದ್ದೆ. ಸ್ತೋತ್ರವನ್ನೂ ಹಾಗೆಯೇ ಹೇಳಿಕೊಳ್ಳುವುದು, ಇದನ್ನೂ ಹಾಗೆಯೇ.

ಆಗ ಊರಿಗೆ ಊರೇ ಕಂಪ್ಯೂಟರಿನ ಹಿಂದೆ ಬಿದ್ದಿತ್ತು. ಆಚೆ ಪಶ್ಚಿಮದ ಕಡೆ ಬಂಡೆ ಒಡೆದು ಗಾಜಿನ ಕಟ್ಟಡ ಎಬ್ಬಿಸುತ್ತಿದ್ದರು. ನಮ್ಮ ಕಡೆ ಗೋಡೆ ಗೋಡೆಯ ಮೇಲೂ ರ‍್ಯಾಂಕು ಬಂದ ಮಕ್ಕಳ ಮುಖ. ಹತ್ತನೆಯದು ಮುಗಿಸಿದ ಮಕ್ಕಳು ‘ಇಂಟರ್’ ಎಂಬ ಎರಡು ವರ್ಷದ ಓದಿಗೆ ಕೋಚಿಂಗ್ ಕಾಲೇಜು ಸೇರುತ್ತಿದ್ದರು. ಸೂರ್ಯ ಹುಟ್ಟುವ ಮೊದಲು ಒಳಗೆ ಹೋದರೆ ಮುಳುಗಿದ ಮೇಲೆ ಹೊರಗೆ. ಗಣಿತ, ಭೌತಶಾಸ್ತ್ರ ಬಿಟ್ಟರೆ ಬೇರೆ ಯಾವುದೂ ಓದೇ ಅಲ್ಲ ಅವರ ಲೆಕ್ಕದಲ್ಲಿ. ಎರಡನೆಯ ಭಾಷೆ ಒಂದು ಬೇಕಲ್ಲ, ಅದಕ್ಕೆ ಸಂಸ್ಕೃತ ಇಲ್ಲವೇ ಫ್ರೆಂಚ್. ಮನೆಯ ಮಾತು ತೆಗೆದುಕೊಂಡರೆ ಅಂಕ ಬೀಳುವುದಿಲ್ಲ, ಬಾರದ ಭಾಷೆ ತೆಗೆದುಕೊಂಡರೆ ರಾಶಿ ಬೀಳುತ್ತವೆ. ಇದು ಅಲ್ಲಿಯ ಪದ್ಧತಿ. ಗೈಡಿನಲ್ಲಿ ಉತ್ತರ ಇರುತ್ತದೆ, ಅದನ್ನು ಕಂಠಪಾಠ ಮಾಡುವುದು. ಹುಡುಗರು ಅದಕ್ಕೆ ‘ಬಟ್ಟೀ’ ಎನ್ನುತ್ತಿದ್ದರು.

ಮೇಲಿನ ಮನೆಯಾಕೆಗೆ ನನ್ನ ಫ್ರೆಂಚಿನ ಸುದ್ದಿ ಹೇಗೋ ತಿಳಿದು ಮಗನನ್ನು ಕಳಿಸಿದಳು. ಅವನ ಹಿಂದೆ ಅವನ ಗೆಳೆಯರು ಬಂದರು. ಹೀಗೆ ಐದು ಮಂದಿ ಆದರು.

ಮೊದಲ ದಿನವೇ ಗೈಡು ತೆರೆಸಿದೆ. ಪಾಠದ ಹೆಸರು ‘ನನ್ನ ಕುಟುಂಬ’. ಅದರ ಉತ್ತರ ಹೀಗಿತ್ತು: ನನ್ನ ತಂದೆ ವೈದ್ಯರು. ನನ್ನ ತಾಯಿ ಶಿಕ್ಷಕಿ. ನನಗೆ ಒಬ್ಬ ತಮ್ಮನಿದ್ದಾನೆ. ನಾವು ಭಾನುವಾರ ಉದ್ಯಾನಕ್ಕೆ ಹೋಗುತ್ತೇವೆ. ನಮ್ಮದು ಸುಖೀ ಕುಟುಂಬ.

ಐವರೂ ಅದನ್ನು ಪಟಪಟ ಒಪ್ಪಿಸಿದರು. ಮೇಲಿನ ಮನೆಯ ಹುಡುಗ ಆಗಷ್ಟೇ ಮೀಸೆ ಚಿಗುರುತ್ತಿದ್ದವನು. ಅವನ ಅಪ್ಪ ಬ್ಯಾಂಕಿನಲ್ಲಿದ್ದರು, ತಮ್ಮ ಇರಲಿಲ್ಲ.

“ನಿನ್ನ ಅಪ್ಪ ಯಾವಾಗ ವೈದ್ಯರಾದರೋ?” ಎಂದೆ.

“ಲೈಟ್ ತೀಸ್ಕೋಂಡಿ ಆಂಟಿ,” ಎಂದ. ತಲೆಗೆ ಹಚ್ಚಿಕೊಳ್ಳಬೇಡಿ ಎಂದು ಅದರ ಅರ್ಥ. “ಇಡೀ ರಾಜ್ಯದಲ್ಲಿ ಎಲ್ಲರ ಅಪ್ಪನೂ ವೈದ್ಯರೇ. ಯಾರೂ ಕಾಯಿಲೆ ಬೀಳಲ್ಲ ನೋಡಿ.”

ಎಲ್ಲರೂ ನಕ್ಕರು. ನಾನೂ ನಕ್ಕೆ. (ಅವರು ಆಡುತ್ತಿದ್ದುದು ತೆಲುಗು, ನಡುನಡುವೆ ಹಿಂದಿ. ಇಲ್ಲಿ ನನ್ನ ಕನ್ನಡದಲ್ಲಿ ಬರೆಯುತ್ತಿದ್ದೇನೆ.)

ಆದರೆ ಬಾಯಿಪಾಠ ಬಿಟ್ಟು ಒಂದು ಮಾತು ಆಡಿ ಎಂದರೆ ಎಲ್ಲರ ಬಾಯಿಗೂ ಬೀಗ. ಹದಿನಾರರ ಮಕ್ಕಳಿಗೆ ತಪ್ಪು ಮಾಡುವುದೆಂದರೆ ಬೀದಿಯಲ್ಲಿ ಜಾರಿ ಬಿದ್ದ ಹಾಗೆ. ಹುಡುಗರ ದನಿ ಆಗ ಒಡೆಯುತ್ತಿರುತ್ತದೆ. ಮೂಗಿನಿಂದ ಒಂದು ಸ್ವರ ಹೊರಡಿಸು ಎಂದರೆ ಕೋಳಿ ಕೂಗಿದಂತಾಗಿ ಪಕ್ಕದವನು ಬಿದ್ದು ಬಿದ್ದು ನಗುತ್ತಾನೆ, ಅಲ್ಲಿಗೆ ಅವನು ಆ ವಾರವಿಡೀ ಬಾಯಿ ತೆರೆಯುವುದಿಲ್ಲ. ಹುಡುಗಿಯರು ದುಪ್ಪಟ್ಟದ ಅಂಚು ಕಚ್ಚಿ ಕೂರುತ್ತಾರೆ. ನಾನು ಗಲ್ಲದ ಮೇಲೆ ಕೈ ಇಟ್ಟುಕೊಂಡು ಯೋಚಿಸಿದೆ. ಕಲಿಸುವ ತರಬೇತಿ ನನಗೆ ಯಾರು ಕೊಟ್ಟಿದ್ದಾರೆ?

ಕೊನೆಗೆ ನೆನಪಾದದ್ದು ಭಜನೆ. ಧಾರವಾಡದ ನಮ್ಮ ಓಣಿಯಲ್ಲಿ ಅಕ್ಷರ ಬಾರದ ಮುದುಕಿಯರು ಉದ್ದುದ್ದ ಹಾಡು ಕಲಿತದ್ದು ಹೇಗೆ? ಒಬ್ಬರು ಹೇಳುವುದು, ಉಳಿದವರು ಹಿಂದೆ ಹೇಳುವುದು. ತಪ್ಪಿದರೂ ತಾಳ ನಿಲ್ಲುವುದಿಲ್ಲ. ಭಜನೆಯ ನಡುವೆ ಯಾರೂ ಯಾರನ್ನೂ ತಿದ್ದುವುದಿಲ್ಲ, ಹತ್ತು ಸಲ ಹೇಳುವಷ್ಟರಲ್ಲಿ ತಪ್ಪು ತಾನೇ ಉದುರಿಹೋಗುತ್ತದೆ. ಶನಿವಾರ ಜಮಖಾನೆ ಹಾಸಿದೆ. ಗೈಡು ಮುಚ್ಚಿಸಿ, ಎಲ್ಲರನ್ನೂ ಸುತ್ತ ಕೂರಿಸಿ, ತೊಡೆಯ ಮೇಲೆ ತಾಳ ಹಾಕುತ್ತ ಒಂದೇ ಪ್ರಶ್ನೆ ಹೇಳಿಕೊಟ್ಟೆ.

“ಕೆಸ್ಕ್ ತು ಆ ಮಾಂಜೆ?”

ಏನು ಉಂಡೆ ನೀನು? ಅಷ್ಟೇ ಅದು. ಐವರೂ ಹಿಂದೆ ಹೇಳಿದರು. ಮತ್ತೆ ಹೇಳಿದೆವು, ಮತ್ತೆ, ದನಿ ಎಲ್ಲ ಒಂದಾಗುವವರೆಗೆ. ಒಡೆದ ದನಿ ಯಾರದೆಂದು ಆ ಗದ್ದಲದಲ್ಲಿ ಯಾರಿಗೂ ತಿಳಿಯಲಿಲ್ಲ. ಅಷ್ಟರಲ್ಲಿ ವಾಚ್‌ಮನ್ ಹೆಂಡತಿ ಕಸಬರಿಗೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು.

“ಅಕ್ಕಾರ, ಇದ್ ಯಾವ ದೇವ್ರ ಮಂತ್ರರೀ?”

“ದೇವರದಲ್ಲ. ಫ್ರಾನ್ಸ್ ದೇಶದ ಮಾತು.”

“ಮೂಗಿನಾಗೇ ಮಾತಾಡ್ತಾರಲ್ರಿ. ಆ ದ್ಯಾಶದಾಗ ಎಲ್ಲಾರ್ಗೂ ನೆಗಡಿ ಆಗ್ಯದೇನು?”

ಅಂದಿನಿಂದ ಅದೇ ನಿಯಮವಾಯಿತು. ಬಂದವರು ಹೊಸ್ತಿಲಲ್ಲಿ ಚಪ್ಪಲಿ ಬಿಟ್ಟು ನಿಲ್ಲಬೇಕು. ನಾನು ಆ ಪ್ರಶ್ನೆ ಕೇಳುತ್ತೇನೆ. ನಿಜವಾಗಿ ಉಂಡದ್ದನ್ನು ಹೇಳಿ ಒಳಗೆ ಬರಬೇಕು. ಮಾತು ಸೊಟ್ಟಗಿದ್ದರೂ ಸರಿ, ಸುಳ್ಳು ಮಾತ್ರ ಬೇಡ. ಗೊತ್ತಿಲ್ಲದ ಪದಕ್ಕೆ ತೆಲುಗು ಸೇರಿಸಿದರೂ ಪರವಾಗಿಲ್ಲ.

ಆಗ ನಾನು ಕಂಡದ್ದೇನೆಂದರೆ, ಆ ಮಕ್ಕಳನ್ನು ದಿನವಿಡೀ ಯಾರೂ ಏನೂ ಕೇಳುತ್ತಿರಲಿಲ್ಲ. ಎಷ್ಟು ಬಂತು ಎಂದು ಕೇಳುತ್ತಿದ್ದರು, ಉಂಡೆಯಾ ಎಂದು ಕೇಳುತ್ತಿರಲಿಲ್ಲ. ಇಡ್ಲಿ ತಿಂದೆ ಎಂಬಲ್ಲಿಂದ ಶುರುವಾದದ್ದು, ಇಡ್ಲಿಯನ್ನು ಬಸ್ಸಿನಲ್ಲಿ ನಿಂತುಕೊಂಡು ತಿಂದೆ, ಅಮ್ಮನ ಜೊತೆ ಜಗಳವಾಡಿ ತಿಂದೆ, ತಿನ್ನಲಿಲ್ಲ ಎಂದು ಬೆಳೆಯತೊಡಗಿತು. ತೆಲುಗಿನಲ್ಲಿ ಆಡಿದರೆ ಮಾತಿಗೆ ತೂಕ ಬರುತ್ತದೆ, ಅದನ್ನು ಹೊರಬೇಕಾಗುತ್ತದೆ. ಬಾರದ ಭಾಷೆಯಲ್ಲಿ ಆಡಿದ ಮಾತು ಹತ್ತಿಯಂತೆ ಹಗುರ. ಮೀಸೆಯ ಹುಡುಗ ಒಂದು ದಿನ ಮೂರೇ ಪದಗಳಲ್ಲಿ ತನಗೆ ಇಂಜಿನಿಯರಿಂಗ್ ಬೇಡ ಎಂದ. ಪಕ್ಕದವನು ಅದನ್ನು ಹೋಗಿ ಅವನ ಅಮ್ಮನಿಗೆ ತೆಲುಗಿನಲ್ಲಿ ಹೇಳಿಬಿಟ್ಟ. ಮೇಲಿನ ಮನೆಯಲ್ಲಿ ಪಾತ್ರೆ ಎಸೆದ ಸದ್ದು ನಮಗೂ ಕೇಳಿಸಿತು.

ಮುಂದಿನ ಪಾಠದಲ್ಲಿ ಐವರನ್ನೂ ಹನುಮಪ್ಪನ ಪಟದ ಮುಂದೆ ನಿಲ್ಲಿಸಿದೆ. “ಇಲ್ಲಿ ಫ್ರೆಂಚಿನಲ್ಲಿ ಆಡಿದ ಮಾತನ್ನು ಬೇರೆ ಭಾಷೆಗೆ ತಿರುಗಿಸಿ ಯಾರಿಗೂ ಹೇಳಬಾರದು. ನಾನೂ ಹೇಳುವುದಿಲ್ಲ,” ಎಂದು ಆಣೆ ಮಾಡಿಸಿದೆ, ನಾನೂ ಮಾಡಿದೆ. ಒಬ್ಬೊಬ್ಬರಿಗೂ ಪ್ರಸಾದವೆಂದು ಸಕ್ಕರೆ ಹಾಕಿದೆ. ಆಮೇಲೆ ಹಚ್ಚಿದ ಚುರುಮುರಿ.

“ಆಂಟಿ, ಇದಕ್ಕೆ ಬೆಳ್ಳುಳ್ಳಿ ಹಾಕಿದರೆ ಸೂಪರ್ ಇರುತ್ತದೆ,” ಎಂದ ಮೀಸೆಯವನು.

“ಹನುಮಪ್ಪನ ಮುಂದೆ ಬೆಳ್ಳುಳ್ಳಿ ಮಾತು ಆಡಬೇಡ, ತಿನ್ನು.”

ಐವರಲ್ಲಿ ಒಬ್ಬ ಹುಡುಗಿ ಆಣೆಯ ದಿನದವರೆಗೆ ಉಂಡದ್ದೊಂದನ್ನು ಬಿಟ್ಟು ಏನೂ ಹೇಳಿರಲಿಲ್ಲ. ಸಪೂರ, ಎರಡು ಜಡೆ, ಕೂತಲ್ಲಿ ಕೂತೇ ಇರುವವಳು. ಅವಳ ಮನೆಯವರು ಬೀದರ್ ಕಡೆಯ ಕನ್ನಡದವರು ಎಂದು ತಿಳಿದು ನಾನು ಮೊದಲ ದಿನ ಸಂತೋಷದಿಂದ ಕನ್ನಡದಲ್ಲಿ ಮಾತಾಡಿಸಿದ್ದೆ. ಅವಳು ತೆಲುಗಿನಲ್ಲಿ ಉತ್ತರ ಕೊಟ್ಟಳು. ಓದಿಗೆ ತೊಂದರೆಯಾಗಬಾರದೆಂದು ಮನೆಯಲ್ಲಿ ಮಗಳ ಜೊತೆ ತೆಲುಗೇ ಆಡುತ್ತಾರಂತೆ. ಇರಲಿ ಎಂದುಕೊಂಡೆ, ಒಳಗೆ ಸ್ವಲ್ಪ ಚುಚ್ಚಿತು.

ಆಣೆಯ ನಂತರದ ವಾರ ಅವಳು ಹೊಸ್ತಿಲಲ್ಲಿ ನಿಂತು ಹೇಳಿದಳು: “ಅನ್ನ ಉಂಡೆ. ಅಪ್ಪ ಮಾಡಿದ್ದು. ಉಪ್ಪು ಇರಲಿಲ್ಲ. ಅಮ್ಮ ಮಸ್ಕತ್ತಿನಲ್ಲಿದ್ದಾಳೆ.”

ಅಮ್ಮ ಅಲ್ಲಿಯ ಆಸ್ಪತ್ರೆಯಲ್ಲಿ ನರ್ಸು. ಮಗಳನ್ನು ಇಂಜಿನಿಯರ್ ಮಾಡಬೇಕೆಂದೇ ಹೋದವಳು. ಅಪ್ಪ ತಾರ್ನಾಕದ ಮುಖ್ಯರಸ್ತೆಯಲ್ಲಿ ಜೆರಾಕ್ಸ್ ಮತ್ತು ಇಂಟರ್ನೆಟ್ ಅಂಗಡಿ ನಡೆಸುತ್ತಿದ್ದ. ಶುಕ್ರವಾರ ಮಸ್ಕತ್ತಿನಲ್ಲಿ ರಜೆ, ಆ ದಿನ ಅಮ್ಮನ ಫೋನು ಬರುತ್ತದೆ. ಇಷ್ಟನ್ನೂ ಅವಳು ವಾರಕ್ಕೊಂದು ಸಾಲಿನಂತೆ ಫ್ರೆಂಚಿನಲ್ಲೇ ಹೇಳಿದಳು. ಅವಳ ಸಾಲಿಗೆ ನಾನು ಕಾಯುವಂತಾಯಿತು. ಬೆಳಿಗ್ಗೆ ರಂಗೋಲಿ ಹಾಕುವಾಗಲೇ, ಇವತ್ತು ಏನು ಹೇಳುತ್ತಾಳೋ ಎಂದುಕೊಳ್ಳುತ್ತಿದ್ದೆ.

ಒಮ್ಮೊಮ್ಮೆ ಅವರು ನನ್ನನ್ನೂ ಕೇಳುತ್ತಿದ್ದರು. “ನೀವು ಏನು ಉಂಡಿರಿ, ಮದಾಮ್?” ನಾನು “ಅನ್ನ, ಸಾರು” ಎನ್ನುತ್ತಿದ್ದೆ. ಪ್ರತಿ ಸಲ ಅದೇ. “ನಮ್ಮ ಆಂಟಿ ಗೈಡು ನೋಡಿ ಉಣ್ಣುತ್ತಾರೆ,” ಎಂದು ಮೀಸೆಯವನು ಹಂಗಿಸುತ್ತಿದ್ದ. ಯಜಮಾನರು ಮಧ್ಯಾಹ್ನ ಕ್ಯಾಂಟೀನಿನಲ್ಲಿ ಉಣ್ಣುತ್ತಾರೆ, ಒಬ್ಬಳಿಗಾಗಿ ಒಲೆ ಹಚ್ಚುವುದು ಎಷ್ಟೋ ದಿನ ಬೇಡವೆನಿಸುತ್ತದೆ, ಇಂಥದ್ದನ್ನು ಮಕ್ಕಳ ಮುಂದೆ ಹೇಳುವುದೇನಿದೆ?

ಅರೆವಾರ್ಷಿಕ ಪರೀಕ್ಷೆ ಬಂತು. ಹಿಂದಿನ ಪಾಠದಲ್ಲಿ ನಾನು ಹೇಳಿದ್ದೆ: “ನನ್ನ ಕುಟುಂಬ ಬಂದರೆ ನಿಮ್ಮ ನಿಮ್ಮ ಕುಟುಂಬವನ್ನೇ ಬರೆಯಿರಿ. ನಿಮಗೆ ಈಗ ಬರುತ್ತದೆ.” ಉಳಿದ ನಾಲ್ವರು ಬುದ್ಧಿವಂತರು. ಆಂಟಿಯ ಮನೆಯ ಮಾತು ಆಂಟಿಯ ಮನೆಗೆ ಎಂದು ಗೈಡಿನ ವೈದ್ಯರನ್ನೇ ಬರೆದು ಬಂದರು. ಅವಳೊಬ್ಬಳು ನನ್ನ ಮಾತು ನಂಬಿದಳು. ಉಪ್ಪಿಲ್ಲದ ಅನ್ನ, ಮಸ್ಕತ್ತು, ಎಲ್ಲ ಬರೆದಳು. ಗೈಡಿಗೆ ಹೊಂದಲಿಲ್ಲವೆಂದು ಕಾಲೇಜಿನವರು ಆ ಪುಟಕ್ಕೆ ಒಂದು ಗೀಟು ಎಳೆದು ಸೊನ್ನೆ ಕೊಟ್ಟರು.

ಭಾನುವಾರ ಅವಳ ಅಪ್ಪ ಬಂದ. ಯಜಮಾನರು ಪೇಪರ್ ಹಿಡಿದು ಕೂತಿದ್ದರು. ಅವನು ಕುರ್ಚಿಯ ತುದಿಯಲ್ಲಿ ಕೂತ.

“ಮೇಡಂ, ನೀವ್ ನಮ್ಮ ಕಡೆದವರು, ಅದಕ್ಕ ನಿಮ್ಮ ಹಂತೇಕ ಬಿಟ್ಟಿದ್ದೆ. ನಮಗ ಫ್ರೆಂಚ್ ಗಿಂಚ್ ಬ್ಯಾಡ್ರಿ. ಮಾರ್ಕ್ ಬೇಕ್ರಿ.”

“ಆಕಿ ಬರೆದದ್ದರೊಳಗ ತಪ್ಪಿರಲಿಲ್ಲ,” ಎಂದೆ.

“ತಪ್ಪಿಲ್ಲಂದ್ರ ಸೊನ್ನೆ ಯಾಕ್ ಬಂತ್ರಿ?”

ಅವನು ದನಿ ಇಳಿಸಿದ. “ಅಕಿ ಅವ್ವ ಅಲ್ಲಿ ಆ ಬಿಸಲಾಗ ಒದ್ದಾಡ್ಲಾಕತ್ತಾಳ. ಫೋನಿನ್ಯಾಗ ಮೊದಲ ಕೇಳೂದೇ ಮಾರ್ಕಿಂದು. ನಾ ಏನ್ ಹೇಳ್ಲಿ? ಇನ್ನೂ ಟೈಮ್ ಅದ, ಸಂಸ್ಕೃತಕ್ಕ ಬದಲಿ ಮಾಡಸ್ತೀನಿ.”

ಅವಳು ಬಂದಂದಿನಿಂದ ಮೊದಲ ಸಲ ಬಾಯಿ ತೆರೆದಿದ್ದು ನಮ್ಮ ಹೊಸ್ತಿಲಲ್ಲಿ. ಈಗ ಕಿತ್ತು ಬೇರೆ ಕಡೆ ಇಟ್ಟರೆ ಮತ್ತೆ ಎಂದು ತೆರೆದಾಳು? ಇನ್ನೊಂದು ಮಾತನ್ನೂ ಮರೆಮಾಚದೆ ಹೇಳಿಬಿಡುತ್ತೇನೆ: ಅವಳು ಹೋದರೆ ನನಗೆ ವಾರದಲ್ಲಿ ಕಾಯುವಂಥದ್ದೇನೂ ಉಳಿಯುವುದಿಲ್ಲ.

“ಇನ್ನು ಮೇಲೆ ಪರೀಕ್ಷೆಗೆ ಗೈಡಿನದನ್ನೇ ಬರೆಸುತ್ತೇನೆ. ಒಂದು ಅವಕಾಶ ಕೊಡಿ,” ಎಂದು ಕೇಳಿಕೊಂಡೆ.

ಅವನು ಯೋಚಿಸಿದ. “ಮಂಗಳವಾರ ನಾನೂ ಬಂದ್ ಕೂಡ್ತೀನ್ರಿ. ಏನ್ ನಡೀತದ ನೋಡಿ ಹೇಳ್ತೀನಿ.”

ಅವನು ಹೋದ ಮೇಲೆ ಯಜಮಾನರು ಪೇಪರಿನ ಹಿಂದಿನಿಂದ ಅಂದರು, “ಪರರ ಮಕ್ಕಳನ್ನು ಇಷ್ಟು ಹಚ್ಚಿಕೋಬಾರದು.” ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ. ಸ್ವಲ್ಪ ಹೊತ್ತಿಗೆ ತಾವೇ ಎದ್ದು ಹೋಗಿ ಚಹಾ ಮಾಡಿ ತಂದು ನನ್ನ ಮುಂದಿಟ್ಟರು. ಆ ಸಂಜೆ ಹನುಮಪ್ಪನಿಗೆ ಹೇಳಲು ಅದೊಂದು ಸಿಕ್ಕಿತು.

ಮಂಗಳವಾರ ಅವನು ಅಂಗಡಿ ಮುಚ್ಚಿ ಬಂದ. ಗೋಡೆಗೆ ಆತು ಜಮಖಾನೆಯ ಅಂಚಿನಲ್ಲಿ ಕೂತ. ನಾನು ಗೈಡು ತೆರೆಸಿದೆ. ವೈದ್ಯ ತಂದೆ, ಶಿಕ್ಷಕಿ ತಾಯಿ, ಭಾನುವಾರದ ಉದ್ಯಾನ, ಎಲ್ಲವನ್ನೂ ಐವರಿಂದಲೂ ಹೇಳಿಸಿದೆ. ಅವನು ತಲೆಯಾಡಿಸಿದ. ಗಟ್ಟಿಯಾಗಿ ಒಂದೇ ದನಿಯಲ್ಲಿ ಬಂದರೆ ಓದು ಓದಿನ ಹಾಗೆ ಕೇಳುತ್ತದೆ. ಅಲ್ಲಿಗೇ ಮುಗಿಸಿದ್ದರೆ ಅವಳು ಉಳಿಯುತ್ತಿದ್ದಳೇನೋ.

ಆದರೆ ಆ ದಿನ ಗಡಿಬಿಡಿಯಲ್ಲಿ ಹೊಸ್ತಿಲ ಪ್ರಶ್ನೆ ಕೇಳಿರಲಿಲ್ಲ. ಮೀಸೆಯವನೇ ನೆನಪಿಸಿದ. “ಮದಾಮ್, ನಮ್ಮನ್ನು ಕೇಳಲಿಲ್ಲ.” ಸರಿ, ಸುತ್ತ ಕೂತಲ್ಲೇ ಕೇಳುತ್ತ ಬಂದೆ. ಒಬ್ಬ ದೋಸೆ, ಒಬ್ಬಳು ಏನೂ ಇಲ್ಲ, ಮೀಸೆಯವನು ಅಮ್ಮನ ಬೈಗುಳ. ಇವಳ ಸರದಿ ಬಂತು. ಅಪ್ಪನ ಕಡೆ ಒಮ್ಮೆ ನೋಡಿದಳು. ಅವನಿಗೆ ತಿಳಿಯುವುದಿಲ್ಲ ಎಂಬ ಧೈರ್ಯವೋ, ಅಥವಾ ಅವನು ಎದುರಿಗಿದ್ದಾನೆ ಎಂಬುದೇ ಧೈರ್ಯವೋ, ನನಗೆ ಈಗಲೂ ಗೊತ್ತಿಲ್ಲ. ನಿಧಾನವಾಗಿ ಹೇಳಿದಳು:

“ನಾನು ಉಣ್ಣಲಿಲ್ಲ. ಶುಕ್ರವಾರ ಅಮ್ಮ ಫೋನ್ ಮಾಡಿದಳು. ಅಪ್ಪ ಮಾತಾಡಿದ. ಅಪ್ಪ ಮಾತಾಡಿದ. ಅಪ್ಪ ಮಾತಾಡಿದ. ಆಮೇಲೆ ಫೋನು ಮುಗಿಯಿತು. ಅಪ್ಪ ಅಮ್ಮನಿಗೆ ನನ್ನ ಸೊನ್ನೆಯನ್ನು ಕೊಟ್ಟ. ನನ್ನನ್ನು ಕೊಡಲಿಲ್ಲ.”

ಫ್ರೆಂಚಿನಲ್ಲೂ ಅಪ್ಪನಿಗೆ ‘ಪಪ’ ಎಂದೇ ಅನ್ನುವುದು. ಅಷ್ಟು ಸಲ ಬಂದದ್ದನ್ನು ಅವನು ಕೇಳಿಸಿಕೊಂಡ. ಯಾವಾಗಲೂ ಗಲಗಲ ಎನ್ನುವ ಹುಡುಗರು ಒಮ್ಮೆಲೇ ತಲೆ ತಗ್ಗಿಸಿದ್ದನ್ನೂ ನೋಡಿದ.

“ಏನಂದ್ಲ್ರಿ ನನ್ನ ಬಗ್ಗೆ?” ಎಂದು ನನ್ನನ್ನು ಕೇಳಿದ.

ಹೇಳಿದರೆ ಆಣೆ ಮುರಿದಂತೆ. ಮಾತ್ರವಲ್ಲ, ಆ ಹುಡುಗಿ ಇನ್ನೆಂದೂ ಯಾರ ಮುಂದೆಯೂ ಯಾವ ಭಾಷೆಯಲ್ಲೂ ಬಾಯಿ ತೆರೆಯುವುದಿಲ್ಲ. ಗೈಡಿನದೇ ಮಾತು ಎಂದು ಸುಳ್ಳು ಹೇಳಿದರೆ ಅವಳು ನನ್ನಲ್ಲೇ ಉಳಿಯುತ್ತಾಳೆ. ಆ ಸುಳ್ಳು ತುಟಿಯವರೆಗೆ ಬಂದಿತ್ತು. ಎದುರಿಗೆ ಹನುಮಪ್ಪನ ಪಟವಿತ್ತು, ಅದರ ಕೆಳಗೆ ನಂದಾದೀಪ. ನನಗೆ ಹೇಳಲಾಗಲಿಲ್ಲ.

“ಇಲ್ಲಿ ಆಡಿದ್ದನ್ನು ನಾನು ತಿರುಗಿಸಿ ಹೇಳುವುದಿಲ್ಲ, ಹಾಗೆಂದು ದೇವರ ಮುಂದೆ ಆಣೆಯಿದೆ. ಮಗಳು ಇಲ್ಲೇ ಇದ್ದಾಳಲ್ಲ, ಅವಳನ್ನೇ ಕೇಳಿ,” ಎಂದೆ.

ಅವನ ಮುಖ ಕೆಂಪಾಯಿತು. ತೆಲುಗಿನಲ್ಲಿ ಮಗಳನ್ನು ಗದರಿಸಿ ಕೇಳಿದ. ಅವಳು ದುಪ್ಪಟ್ಟದ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. ಆಮೇಲೆ ಅಪ್ಪನ ಮುಖ ನೋಡಿ ಕನ್ನಡದಲ್ಲಿ ಹೇಳಿದಳು. ಹೌದು, ಕನ್ನಡದಲ್ಲಿ. ಅಪ್ಪ ಅಮ್ಮ ಪ್ರತಿ ಶುಕ್ರವಾರ ಫೋನಿನಲ್ಲಿ ಆಡುತ್ತಿದ್ದುದನ್ನು ಬಾಗಿಲ ಮರೆಯಲ್ಲಿ ನಿಂತು ಕೇಳಿ ಕಲಿತ ಕನ್ನಡ.

“ಅವ್ವನ ಸಂಗಟ ನಾ ಮೊದಲ ಮಾತಾಡ್ಬೇಕು. ಎಲ್ಲಾ ನೀನೇ ಮಾತಾಡಿ ಮುಗಸ್ತಿ.”

ಉಳಿದ ನಾಲ್ವರಿಗೆ ಅದು ತಿಳಿಯಲಿಲ್ಲ. ತಿಳಿದದ್ದು ಅವನಿಗೆ, ನನಗೆ. ಅವನು ಜಮಖಾನೆಯ ನೂಲು ಕೀಳುತ್ತ ಕೂತ. ಎದ್ದು, “ನಡಿ ಅವ್ವಾ, ಚಪ್ಪಲ್ ಹಾಕ್ಕೋ,” ಎಂದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಅವಳು ಚಪ್ಪಲಿಯ ರಾಶಿಯಲ್ಲಿ ತನ್ನದನ್ನು ಹುಡುಕುವಾಗ ಒಮ್ಮೆ ನನ್ನ ಕಡೆ ನೋಡಿದಳು. ನಾನು ಚುರುಮುರಿಯ ಬಟ್ಟಲು ಹಿಡಿದು ನಿಂತೇ ಇದ್ದೆ.

ಶನಿವಾರ ಅವಳು ಬರಲಿಲ್ಲ. ಮುಂದಿನ ಮಂಗಳವಾರವೂ ಇಲ್ಲ.

ಕೆಲವು ವಾರದ ಮೇಲೆ ತರಕಾರಿ ಮಾರುವಲ್ಲಿ ಅವಳ ಅಪ್ಪ ಸಿಕ್ಕ. ತಾನೇ ನಿಂತು ನಮಸ್ಕಾರ ಮಾಡಿದ. “ಸಂಸ್ಕೃತ ಹಾಕಿಸಿನ್ರಿ ಮೇಡಂ. ಬ್ಯಾಸರ ಮಾಡ್ಕೋಬ್ಯಾಡ್ರಿ. ಮಾರ್ಕ್ ಚಲೋ ಬರ್ಲಾಕತ್ತಾವ.” ನಾನು ಬದನೆಕಾಯಿ ಆರಿಸುತ್ತ ಸರಿ ಎಂದೆ. ಅವನು ಹೋಗಲಿಲ್ಲ. ಚೀಲವನ್ನು ಆ ಕೈಯಿಂದ ಈ ಕೈಗೆ ಬದಲಿಸಿ ನಕ್ಕ. “ಶುಕ್ರವಾರ ಫೋನ್ ಬಂದ್ರ ನನಗ ಪಾಳಿನೇ ಬರಂಗಿಲ್ರಿ ಈಗ. ಅವ್ವ ಮಗಳು ಇಬ್ರೂ ಕನ್ನಡದಾಗ ಶುರು ಹಚ್ಕೊಂಡ್ರ ಮುಗದೇ ಹೋಯ್ತು. ನಾ ಬಾಗಲದಾಗ ನಿಂತ್ ಕೇಳ್ತೀನಿ.”

ಆ ಸಂಜೆ ಹನುಮಪ್ಪನಿಗೆ ಮೊದಲು ಹೇಳಿದ್ದು ಅದನ್ನೇ. ಹೇಳುವಾಗ ಕಣ್ಣೀರು ಬಂತು. ಅದು ಅವಳಿಗಾಗಿಯೋ ನನಗಾಗಿಯೋ ಎಂದು ನಾನು ಕೇಳಿಕೊಳ್ಳಲಿಲ್ಲ, ಅವನೂ ಕೇಳಲಿಲ್ಲ.

ಉಳಿದ ನಾಲ್ವರು ಪರೀಕ್ಷೆಯವರೆಗೆ ಬಂದರು. ಗೈಡಿನ ಕುಟುಂಬ ಬರೆದು ರಾಶಿ ಅಂಕ ತಂದರು, ಪೇಡೆ ಕೊಟ್ಟು ಹೋದರು. ಮೀಸೆಯವನ ಮನೆಯವರು ಉಪ್ಪಲ್ ಕಡೆ ಸ್ವಂತ ಫ್ಲ್ಯಾಟಿಗೆ ಹೋದರು. ಮರುವರ್ಷ ಕಾಲೇಜುಗಳು ಫ್ರೆಂಚಿಗೂ ಒಳಗೇ ಮಾಸ್ತರರನ್ನು ಇಟ್ಟುಕೊಂಡವು. ಮಕ್ಕಳು ಹೊರಗೆ ಬರುವ ಕಾರಣವೇ ಉಳಿಯಲಿಲ್ಲ. ಬಾಗಿಲ ಮುಂದೆ ಮತ್ತೆ ಒಂದು ಜೊತೆ, ಸಂಜೆಗೆ ಎರಡು.

ಆ ಮಳೆಗಾಲದಲ್ಲಿ ಒಂದು ಮಂಗಳವಾರ ಕೈ ತಾನಾಗಿ ಜಮಖಾನೆ ಹಾಸಿಬಿಟ್ಟಿತು. ಹಾಸಿದ ಮೇಲೆ ನೆನಪಾಯಿತು. ಸುತ್ತಿಡಲು ಮನಸ್ಸು ಬರದೆ ಅದರ ಮೇಲೆ ಕೂತೆ. ಹೊತ್ತು ಎಷ್ಟಾಯಿತೋ, ವಾಚ್‌ಮನ್ ಹೆಂಡತಿ ನೀರಿನ ಮೋಟಾರು ಕೆಟ್ಟಿದೆ ಎಂದು ಹೇಳಲು ಮೇಲೆ ಬಂದಳು. ಹೊಸ್ತಿಲಲ್ಲಿ ನಿಂತು ಬರಿದಾದ ಜಮಖಾನೆ ನೋಡಿದಳು, ನನ್ನನ್ನು ನೋಡಿದಳು. ಮೋಟಾರಿನ ಮಾತು ಬಿಟ್ಟು ಸೊಂಟದ ಮೇಲೆ ಕೈ ಇಟ್ಟು, ನನ್ನದೇ ದನಿ ಅಣಕಿಸಿ, ತೊಡೆ ತಟ್ಟಿಕೊಂಡು ಕೇಳಿದಳು:

“ಕೆಸ್ಕ್ ತು ಆ ಮಾಂಜೆರೀ, ಅಕ್ಕಾರ?”

ವರ್ಷವಿಡೀ ಮೆಟ್ಟಿಲು ಗುಡಿಸುತ್ತ ಕೇಳಿದ್ದಳಲ್ಲ. ಕಲಬುರಗಿಯ ‘ರೀ’ ಒಂದನ್ನು ಮರ್ಯಾದೆಗೆಂದು ಸೇರಿಸಿದ್ದಳು. ನನಗೆ ನಗು ತಡೆಯಲಿಲ್ಲ.

“ಅರ್ಥ ಗೊತ್ತೇನ ನಿನಗ?”

“ಯಾಕ್ ಗೊತ್ತಿಲ್ರಿ, ಹುಡುಗೂರೇ ಹೇಳ್ಯಾರ. ಏನ್ ಉಂಡ್ರಿ ಅಂತ. ಹೇಳ್ರಿ ಮತ್ತ.”

ಅನ್ನ, ಸಾರು ಎಂದು ನಾಲಿಗೆ ಸಿದ್ಧವಾಗಿಯೇ ಇತ್ತು. ಅದು ಹೊರಡಲಿಲ್ಲ.

“ಏನೂ ಉಂಡಿಲ್ಲ ತಂಗಿ,” ಎಂದೆ. “ಒಲಿ ಹಚ್ಚಿಲ್ಲ ಇವತ್ತ.”

“ಒಪ್ಪತ್ತೇನ್ರಿ?”

“ಅಲ್ಲ. ಸುಮ್ಮನ.”

ಅವಳು ದಡದಡ ಕೆಳಗಿಳಿದು ಹೋದಳು. ಬಂದಾಗ ಕೈಯಲ್ಲಿ ತಟ್ಟೆ ಇತ್ತು, ಎರಡು ಜೋಳದ ರೊಟ್ಟಿ, ಪುಂಡಿಪಲ್ಯ. ಚಪ್ಪಲಿ ಬಿಟ್ಟು ಹೊಸ್ತಿಲ ಆಚೆಯೇ ನಿಂತಳು. ಒಳಗೆ ಬಾ ಎಂದೆ. ಬಂದು ಜಮಖಾನೆಯ ಮೇಲೆ, ಎರಡು ಜಡೆಯವಳು ಕೂರುತ್ತಿದ್ದ ಜಾಗದಲ್ಲಿ ಕೂತಳು. ತಟ್ಟೆಯನ್ನು ನನ್ನ ಮುಂದೆ ಸರಿಸಲು ಹೋದವಳು ಅಲ್ಲೇ ತಡೆದಳು.

“ಬೆಳ್ಳೊಳ್ಳಿ ಹಾಕೀನ್ರಿ ಅಕ್ಕಾರ. ಅದೂ ಇವತ್ತ ಮಂಗಳವಾರ.”

ನಾನು ಹನುಮಪ್ಪನ ಕಡೆ ನೋಡಿದೆ. ಅವನು ಎಂದಿನಂತೆ ಕೈ ಮುಗಿದುಕೊಂಡಿದ್ದ.

“ಇರಲಿ,” ಎಂದೆ. “ಕೊಡು.”